ಮೆಣಸಿನಕಾಯಿಯ ಹೊಟ್ಟೆಯಲ್ಲಿ ಯಾರ ಎಂಜಿನ್?

“ಕೈ ಹಿಂದಕ್ಕೆ ತಗೊಳ್ರೀ! ಅದನ್ನ ಮುಟ್ಬೇಡಿ!”

ನನ್ನ ಹೆಂಡತಿ ಕೂಗಿದ ರಭಸಕ್ಕೆ ನನ್ನ ಕೈಯಲ್ಲಿದ್ದ ಟಾರ್ಚು ಎಣ್ಣೆ ತಟ್ಟೆಯೊಳಗೆ ಬೀಳುವುದರಲ್ಲಿತ್ತು.

ಗ್ಯಾರೇಜಿನ ನಡುವೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎಂಜಿನ್ನು ತಲೆಕೆಳಗಾಗಿ ಕೂತಿತ್ತು. ಅದರ ತಳದ ಆಯಿಲ್ ಚೇಂಬರನ್ನು ಈಗಷ್ಟೇ ಬಿಚ್ಚಿ ಪಕ್ಕಕ್ಕಿಟ್ಟಿದ್ದೆವು. ಎಣ್ಣೆ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ, ಟೀ ಸೋಸುವ ಜಾಲರಿಯಷ್ಟೇ ಅಗಲದ್ದು. ಅದರ ಮುಕ್ಕಾಲು ಭಾಗ ಮುಚ್ಚಿಹೋಗಿತ್ತು.

“ಪುಟ್ಟಿ, ನಿನ್ನ ಚಿಮಟ ಕೊಡು,” ಎಂದಳು.

ಪುಟ್ಟಿ ಎಂದರೆ ನನ್ನ ಹೆಂಡತಿಯ ಅಣ್ಣನ ಮಗಳು. ವಯಸ್ಸು ಮೂವತ್ತನಾಲ್ಕು. ವಾರದಲ್ಲಿ ಆರು ದಿನ ಹಲ್ಲಿನ ಡಾಕ್ಟರು, ಏಳನೆಯ ದಿನ ರೇಸು. ಹೋದ ಭಾನುವಾರ ಟ್ರ್ಯಾಕಿನ ಆರನೇ ಸುತ್ತಿನಲ್ಲಿ ಇದೇ ಎಂಜಿನ್ನು ಹಠಾತ್ತನೆ ಬಿಗಿದುಕೊಂಡು, ಕಾರು ಮೂರು ಗಿರಕಿ ಹೊಡೆದು ಟೈರಿನ ಗೋಡೆಗೆ ಒರಗಿತ್ತು. ಒಂದು ಗೀರೂ ಇಲ್ಲದೆ ಇಳಿದು ಬಂದವಳು ಮೊದಲು ಆಡಿದ ಮಾತು, “ಅತ್ತೆ, ನನ್ನ ಮೆಣಸಿನಕಾಯಿಗೆ ಏನಾಯ್ತು?”

ಕಾರಿಗೆ ಮೆಣಸಿನಕಾಯಿ ಎಂಬ ಹೆಸರು ಬಂದದ್ದು ಅದರ ಕೆಂಪು ಬಣ್ಣದಿಂದ. ಗಾತ್ರದಲ್ಲಿ ಸಣ್ಣ ಹ್ಯಾಚ್‌ಬ್ಯಾಕು, ಬುದ್ಧಿಯಲ್ಲಿ ಮಹಾ ಖಾರ.

ಹಲ್ಲು ಕೀಳುವ ಡಾಕ್ಟರರ ಚಿಮಟದ ತುದಿಯಲ್ಲಿ ನೇತಾಡುತ್ತ ಹೊರಬಂದದ್ದು ನೀಲಿ ರಬ್ಬರಿನ ಒಂದು ಚೂರು. ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ಬಿಳಿ ಬಟ್ಟೆಯ ಮೇಲೆ ಹದಿಮೂರು ಚೂರು ಸಾಲಾಗಿ ಮಲಗಿದವು.

“ಗ್ಯಾಸ್ಕೆಟ್ ಅಂಟು,” ಎಂದಳು ನನ್ನ ಹೆಂಡತಿ. “ಚೇಂಬರ್ ಕೂರಿಸೋವಾಗ ಯಾರೋ ಬೇಕಾಬಿಟ್ಟಿ ಮೆತ್ತಿದಾರೆ. ಒಳಗಡೆ ಉಬ್ಬಿಕೊಂಡಿದ್ದೆಲ್ಲ ಕಿತ್ತು ಬಂದು ಜಾಲರಿಗೆ ಅಡ್ಡ ಕೂತಿದೆ. ಎಣ್ಣೆ ಮೇಲೆ ಹತ್ತಿಲ್ಲ. ಮೂರನೇ ಪಿಸ್ಟನ್ ರಾಡಿನ ಬೇರಿಂಗ್ ಒಣಗಿ, ಚಕ್ರ ತಿರುಗಿಸೋ ಕ್ರ್ಯಾಂಕನ್ನ ಕಚ್ಚಿಕೊಂಡಿದೆ.”

ಮೂವತ್ತೊಂದು ವರ್ಷ ವಿಮಾ ಕಂಪನಿಯಲ್ಲಿ ಸರ್ವೇಯರ್ ಆಗಿ, ನುಜ್ಜುಗುಜ್ಜಾದ ವಾಹನಗಳನ್ನು ನೋಡಿ ನಿಜ ಯಾವುದು, ಸುಳ್ಳು ಯಾವುದು ಎಂದು ಹೇಳಿದವಳು ಇವಳು. ಸುಳ್ಳು ಹೇಳಿ ಪರಿಹಾರ ಕೇಳಲು ಬಂದವರು ಇವಳ ಕನ್ನಡಕ ಕಂಡರೆ ದಾರಿ ಬದಲಿಸುತ್ತಿದ್ದರಂತೆ. ನಾನು ನಲವತ್ತು ವರ್ಷ ವಾದ್ಯ ರಿಪೇರಿ ಮಾಡಿದವನು. ಎಂಜಿನ್ನಿನ ವಿಷಯದಲ್ಲಿ ನನ್ನ ಪಾತ್ರ ಟಾರ್ಚು ಹಿಡಿಯುವುದು.

“ನೀಲಿನಾ?”

ಮೂಲೆಯಿಂದ ಬಂದ ದನಿ ಗ್ಯಾರೇಜಿನ ಮೇಸ್ತ್ರಿಯದು. ಬೆಳಗಿನಿಂದ ಆತ ಗೋಡೆಗೆ ಮುಖ ಮಾಡಿ ಎಣ್ಣೆ ಡ್ರಮ್ಮಿನ ಮೇಲೆ ಕೂತಿದ್ದ. ಎರಡು ವರ್ಷದ ಹಿಂದೆ ಈ ಎಂಜಿನ್ನನ್ನು ನಲವತ್ತೇಳು ದಿನ ಕೂತು ಕೈಯಾರೆ ಕಟ್ಟಿದವನು ಅವನೇ. ಭಾನುವಾರದ ನಂತರ ಸ್ಪ್ಯಾನರ್ ಮುಟ್ಟಿದ್ದು ಒಂದೇ ಸಲ. ಸೋಮವಾರ ಎಂಜಿನ್ನನ್ನು ಕಾರಿನಿಂದ ಕಳಚಿ ಕ್ರೇನಿನಲ್ಲಿ ಎತ್ತಿ ಇಳಿಸಿದ್ದಷ್ಟೇ. ಬಿಚ್ಚುವ ಧೈರ್ಯ ಅವನಿಗೆ ಸಾಲಲಿಲ್ಲ.

“ನೀಲಿ ಅಂಟು ನನ್ನ ಗ್ಯಾರೇಜಲ್ಲೇ ಇಲ್ಲ ಅಮ್ಮಾ. ನಾನು ಹಾಕೋದು ಬೂದಿ ಬಣ್ಣದ್ದು. ಅದೂ ದಾರದಷ್ಟು ತೆಳು.”

“ಹಾಗಾದ್ರೆ?”

ಮೇಸ್ತ್ರಿ ಒಂದು ಕ್ಷಣ ಯೋಚಿಸಿದ. ಆಮೇಲೆ ಮತ್ತೆ ಹೆಗಲು ಇಳಿಬಿಟ್ಟ. “ಏನೋ. ಅವತ್ತು ಬೂದಿ ಮುಗಿದಿತ್ತೇನೋ. ಯಾರ ಹತ್ರನೋ ಇಸ್ಕೊಂಡು ಹಾಕಿದ್ನೇನೋ. ವಯಸ್ಸಾಯ್ತು. ಡಾಕ್ಟರಮ್ಮ, ಈ ಎಂಜಿನ್ ಬಿಟ್ಬಿಡಿ. ದೊಡ್ಡ ಕಾರಿನ ಎರಡು ಲೀಟರ್ ಎಂಜಿನ್ ಹಾಕಿಸಿ. ಬೇರೆ ಗ್ಯಾರೇಜಲ್ಲಿ.”

ಪುಟ್ಟಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಐದು ದಿನದಿಂದ ಇದೇ ರಾಗ. ಮಾವ, ನೀವಾದ್ರೂ ಹೇಳಿ!”

ನಾನೇನು ಹೇಳಲಿ? ಅಂದು ಸಾಯಂಕಾಲ ಐದರೊಳಗೆ ರೇಸಿನ ಅರ್ಜಿ ಹೋಗಬೇಕಿತ್ತು. ರೇಸಿಗೆ ಇನ್ನು ಇಪ್ಪತ್ತೆಂಟು ದಿನ. ಅರ್ಜಿಯಲ್ಲಿ ಒಂದೇ ಒಂದು ಕಠಿಣ ಪ್ರಶ್ನೆ: ಕಾರಿನ ಮೂಲ ಎಂಜಿನ್ನೋ, ಬೇರೆಯದೋ? ಮೂಲದ್ದಾದರೆ ಸಣ್ಣ ಕಾರುಗಳ ವರ್ಗ. ದೊಡ್ಡದು ಹಾಕಿಸಿದರೆ ಮೇಲಿನ ವರ್ಗ. ಒಮ್ಮೆ ಗುರುತು ಹಾಕಿದ ಮೇಲೆ ಬದಲಾಯಿಸುವಂತಿಲ್ಲ. ಹೋದ ವರ್ಷ ಸಣ್ಣ ಕಾರುಗಳಲ್ಲಿ ಪುಟ್ಟಿ ಎರಡನೆಯವಳು, ಅರ್ಧ ಸೆಕೆಂಡಿನಲ್ಲಿ ಗೆಲುವು ತಪ್ಪಿತ್ತು. ಆ ಅರ್ಧ ಸೆಕೆಂಡು ವರ್ಷಪೂರ್ತಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಕೂತಿತ್ತು.

“ದೊಡ್ಡ ಎಂಜಿನ್ ಅಂದ್ರೆ ಮೂತಿ ಮೇಲೆ ಇನ್ನೊಬ್ಬ ಮನುಷ್ಯನ ಭಾರ,” ಎಂದಳು ಪುಟ್ಟಿ. “ಈಗಲೇ ತಿರುವಲ್ಲಿ ಮುಂದಿನ ಚಕ್ರ ಅಳುತ್ತೆ. ಆಮೇಲೆ ಗೇರ್‌ಬಾಕ್ಸ್ ಬೇರೆ, ಆಕ್ಸಲ್ ಬೇರೆ, ರೇಡಿಯೇಟರ್ ಬೇರೆ. ವೈರಿಂಗ್ ಕೂರಿಸೋಕೇ ಒಂದು ತಿಂಗಳು ಬೇಕು.”

“ಶಕ್ತಿ ಇದೆಯಲ್ಲ,” ಎಂದ ಮೇಸ್ತ್ರಿ, ಗೋಡೆಯ ಜೊತೆ ಮಾತಾಡಿದ ಹಾಗೆ. “ಸಣ್ಣ ಎಂಜಿನ್ ಹಿಂಡಿ ಹಿಂಡಿ ಓಡಿಸೋ ಬದಲು, ದೊಡ್ಡದನ್ನ ಆರಾಮಾಗಿ ಓಡಿಸಬಹುದು. ಕಂಪನಿಯಲ್ಲಿ ಕಟ್ಟಿದ್ದು. ನನ್ನ ಕೈ ತಗುಲಿಲ್ಲ. ಅದೇ ಅದರ ದೊಡ್ಡ ಗುಣ.”

“ನಿಮ್ಮ ಕೈ ತಗುಲಬೇಕು ಅಂತಲೇ ನಾನು ಇಲ್ಲಿಗೆ ಬರೋದು!”

“ಆ ಕೈ ನಿಮ್ಮನ್ನ ಸಾಯಿಸ್ತಿತ್ತು ಡಾಕ್ಟರಮ್ಮ.”

ಗೋಡೆಯ ಮೇಲೆ ಸ್ಪ್ಯಾನರುಗಳು ಅಳತೆಯ ಪ್ರಕಾರ ನೇತಾಡುತ್ತಿದ್ದವು. ಹದಿಮೂರನೇ ನಂಬರಿನದರ ಜಾಗ ಖಾಲಿ. ಅದು ಅವನ ಜೇಬಿನಲ್ಲಿತ್ತು. ಅವನು ಕೆಲಸ ಬಿಟ್ಟರೂ ಅದು ಅವನನ್ನು ಬಿಟ್ಟಿರಲಿಲ್ಲ.

ನನ್ನ ಹೆಂಡತಿ ಈ ಮಾತುಗಳಿಗೆಲ್ಲ ಕಿವಿಯೇ ಕೊಟ್ಟಿರಲಿಲ್ಲ. ಥಿನ್ನರ್ ಹಚ್ಚಿದ ಬಟ್ಟೆಯಿಂದ ಎಂಜಿನ್ ಬ್ಲಾಕಿನ ಒಂದು ಮೂಲೆಯನ್ನು ತಿಕ್ಕುತ್ತಿದ್ದಳು.

“ಏನೇ ಮಾಡ್ತಿದ್ದೀಯ?”

“ಮೊದಲು ನಂಬರು, ಆಮೇಲೆ ಕಥೆ,” ಎಂದಳು. ಸರ್ವೇಯರ್ ಕೆಲಸದ ಮೊದಲ ದಿನದಿಂದ ಅವಳ ಪಾಠ ಅದು. “ಬ್ಯಾಗಲ್ಲಿ ಕಾರಿನ ನೋಂದಣಿ ಪುಸ್ತಕ ಇದೆ. ಎಂಜಿನ್ ನಂಬರು ಓದ್ರೀ. ಕೊನೇ ನಾಲ್ಕು ಸಾಕು.”

ನಾನು ಕನ್ನಡಕ ಏರಿಸಿ ಓದಿದೆ. “ಏಳು, ಒಂದು, ಒಂದು, ಎಂಟು.”

“ಮತ್ತೊಂದ್ಸಲ.”

“ಏಳು, ಒಂದು, ಒಂದು, ಎಂಟು. ಕಿವಿ ಕೇಳಿಸಲ್ವಾ?”

“ಕಿವಿ ಕೇಳುತ್ತೆ. ಕಣ್ಣಿಗೆ ಕಾಣಿಸ್ತಿರೋದು ಬೇರೆ.” ಅವಳು ಪಕ್ಕಕ್ಕೆ ಸರಿದಳು. “ಪುಟ್ಟಿ, ನೀನು ಓದು.”

ಪುಟ್ಟಿ ಬಗ್ಗಿದಳು. ಉಜ್ಜಿ ಹೊಳೆಯುತ್ತಿದ್ದ ಲೋಹದ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಹೇಳಿದಳು. “ಎರಡು... ಸೊನ್ನೆ... ಆರು... ಆರು.”

ಡ್ರಮ್ಮು ಉರುಳಿದ ಸದ್ದಾಯಿತು. ಮೇಸ್ತ್ರಿ ಎದ್ದು ನಿಂತಿದ್ದ.

ಅವನು ನಡೆದು ಬಂದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಣೆಯಾದ ಮಗುವಿನ ವಿಷಯ ತಿಳಿಸಲು ಬಂದವರ ಹತ್ತಿರ ಹೋಗುವವನ ನಡಿಗೆ ಅದು. ನಂಬರು ನೋಡಿದ. ಟಾರ್ಚು ಕಸಿದುಕೊಂಡು ಎಂಜಿನ್ನಿನ ಹೊಟ್ಟೆಯೊಳಗೆ ತಲೆ ತೂರಿಸಿದ.

“ರಾಡು ನನ್ನದಲ್ಲ,” ಎಂದಿತು ಒಳಗಿನಿಂದ ದನಿ. “ನಾನು ಹಾಕಿದ್ದು ಬಡಿದು ಮಾಡಿದ ಗಟ್ಟಿ ರಾಡು. ಇದು ಮಾಮೂಲಿ ರಸ್ತೆ ಕಾರಿನದು. ಬೋಲ್ಟು ನನ್ನದಲ್ಲ. ನಾನು ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ಹಳದಿ ಗೆರೆ ಎಳೀತೀನಿ. ಇಲ್ಲಿ ಒಂದೂ ಇಲ್ಲ.” ತಲೆ ಹೊರಬಂತು. ಮೂಗಿನ ತುದಿಗೆ ಎಣ್ಣೆ, ಕಣ್ಣಿನ ತುಂಬ ನೀರು. “ಅಮ್ಮಾ, ಇದು ನಾನು ಕಟ್ಟಿದ ಎಂಜಿನ್ನೇ ಅಲ್ಲ!”

“ಅದನ್ನೇ ನಾನೂ ಹೇಳ್ತಿರೋದು.”

“ನನ್ನ ಕೈ ತಪ್ಪಲ್ಲ!”

“ಅಲ್ಲ.”

ಅರವತ್ತು ದಾಟಿದ ಮನುಷ್ಯ, ಮಂಡಿನೋವಿಗೆ ಎರಡೂ ಕಾಲಿಗೆ ಪಟ್ಟಿ ಕಟ್ಟಿಕೊಂಡವನು, ಎಂಜಿನ್ ಸ್ಟ್ಯಾಂಡಿನ ಸುತ್ತ ಕುಣಿದುಬಿಟ್ಟ. ನನ್ನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದ. ನನ್ನ ಬಿಳಿ ಅಂಗಿಯ ಮೇಲೆ ಹತ್ತು ಬೆರಳೂ ಅಚ್ಚಾದವು. ಅದನ್ನು ಇವತ್ತಿಗೂ ಒಗೆಯಲು ಹಾಕಿಲ್ಲ.

ಪುಟ್ಟಿ ಮಾತ್ರ ನಿಂತಲ್ಲೇ ನಿಂತು ಬೆರಳಲ್ಲಿ ಏನೋ ಎಣಿಸುತ್ತಿದ್ದಳು. ಇದ್ದಕ್ಕಿದ್ದಂತೆ ಕಿರುಚಿದಳು. “ಅತ್ತೆ! ಮೂರು ತಿಂಗಳಿಂದ ನಾನು ಒಂದೊಂದು ಸುತ್ತಿಗೂ ಒಂದು ಸೆಕೆಂಡ್ ಹಿಂದೆ ಬೀಳ್ತಿದ್ದೆ. ಟೈರ್ ಬದಲಾಯಿಸಿದೆ, ಊಟ ಬಿಟ್ಟೆ, ಬೆಳಗ್ಗೆ ಎದ್ದು ಓಡಿದೆ. ನನಗೆ ಓಡಿಸೋಕೇ ಮರೆತುಹೋಯ್ತು ಅಂತ ಅತ್ತುಬಿಟ್ಟಿದ್ದೆ. ಮರೆತಿಲ್ಲ! ಯಾವುದೋ ಮುದಿ ಎಂಜಿನ್ ಇಟ್ಕೊಂಡು ಒಂದೇ ಸೆಕೆಂಡ್ ಹಿಂದೆ!”

“ಅದನ್ನ ಕೇಳಿ ನನಗೂ ಒಂದು ವಿಷಯ ನೆನಪಾಯ್ತು,” ಎಂದು ನಾನು ಗಂಟಲು ಸರಿಮಾಡಿಕೊಂಡೆ.

ಮೂವರೂ ನನ್ನತ್ತ ತಿರುಗಿದರು. ಜೀವನದಲ್ಲಿ ಇಂಥ ಗಳಿಗೆ ಪದೇಪದೇ ಬರುವುದಿಲ್ಲ. ಆದ್ದರಿಂದ ಸ್ವಲ್ಪ ತಡೆದೇ ಹೇಳಿದೆ. “ಮೂರು ತಿಂಗಳ ಹಿಂದೆ ಕಾರಿಗೆ ಕೆಂಪು ಬಣ್ಣ ಬಳಿಸಿ ಮನೆಗೆ ತಂದ ದಿನ ನಾನು ಏನಂದೆ? ಇದರ ಶ್ರುತಿ ಇಳಿದಿದೆ ಅಂದೆ. ನೀವೆಲ್ಲ ಏನಂದ್ರಿ?”

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. “ಬಣ್ಣದ ಭಾರಕ್ಕೆ ಇಳಿದಿರಬೇಕು ಅಂತ ನಕ್ಕಿದ್ವಿ.”

“ವಾರವಿಡೀ ನಕ್ಕಿರಿ.”

“ಆಯ್ತು ಮಾರಾಯ್ರೇ, ತಪ್ಪಾಯ್ತು,” ಎಂದಳು ನನ್ನ ಹೆಂಡತಿ. ನಲವತ್ತು ವರ್ಷದ ಸಂಸಾರದಲ್ಲಿ ಎರಡನೇ ಸಲ ಆ ಮಾತು ಅವಳ ಬಾಯಿಂದ ಬಂದದ್ದು. ಆದರೆ ಅವಳ ಕಣ್ಣು ಆಗಲೇ ಬೇರೆಲ್ಲೋ ಇತ್ತು. “ಮೇಸ್ತ್ರಿ, ಸೋಮವಾರ ಎಂಜಿನ್ ಇಳಿಸಿದಾಗ ಅದನ್ನ ಹಿಡಿದಿದ್ದ ನಟ್ಟುಗಳು ಎಲ್ಲಿ?”

ಒಂದು ಡಬ್ಬದಲ್ಲಿದ್ದವು. ಎಲ್ಲದರ ಮೇಲೂ ಕೆಂಪು ಬಣ್ಣದ ಸಿಪ್ಪೆ. ಬಣ್ಣದಂಗಡಿಯಲ್ಲಿ ಬಾನೆಟ್ಟಿನ ಒಳಭಾಗಕ್ಕೂ ಬಣ್ಣ ಹೊಡೆದಿದ್ದರು. ಆಗ ನಟ್ಟಿನ ಮೇಲೂ ಬಿದ್ದು ಒಣಗಿತ್ತು.

“ಬಿಚ್ಚೋಕೆ ಬಣ್ಣ ಕೆರೆಯಬೇಕಾಯ್ತು,” ಎಂದ ಮೇಸ್ತ್ರಿ. “ಅಂದ್ರೆ ಬಣ್ಣ ಹೊಡೆದ ಮೇಲೆ ಇವನ್ನ ಯಾರೂ ಮುಟ್ಟಿಲ್ಲ.”

ನನ್ನ ಹೆಂಡತಿ ಒಂದು ನಟ್ಟನ್ನು ಥಿನ್ನರಿನಲ್ಲಿ ಅದ್ದಿ ಉಜ್ಜಿದಳು. ಕೆಂಪು ಕರಗಿತು. ಕೆಳಗೆ ಬೆತ್ತಲೆ ಕಬ್ಬಿಣ. ಇನ್ನೊಂದು ಉಜ್ಜಿದಳು. ಅದರ ಕೆಳಗೂ ಹಳದಿ ಗೆರೆ ಇಲ್ಲ.

“ಕೇಳಿ,” ಎಂದಳು ನಿಧಾನವಾಗಿ. “ಕಾರು ಇಲ್ಲಿಂದ ಬಣ್ಣದಂಗಡಿಗೆ ಹೋದಾಗ ಈ ನಟ್ಟುಗಳ ಮೇಲೆ ಹಳದಿ ಗೆರೆ ಇತ್ತು. ಬಣ್ಣ ಬೀಳೋ ಹೊತ್ತಿಗೆ ಗೆರೆ ಇಲ್ಲ. ಕಾರು ಆ ಶೆಡ್ಡಿನಲ್ಲಿದ್ದದ್ದು ಹತ್ತು ದಿನ. ಎಂಜಿನ್ ಬದಲಾದದ್ದು ಆ ಹತ್ತು ದಿನದ ಒಳಗೆ, ಅದೇ ಸೂರಿನ ಕೆಳಗೆ.”

“ಬಣ್ಣದಣ್ಣ!” ಎಂದಳು ಪುಟ್ಟಿ. ಆ ಅಂಗಡಿಯ ಯಜಮಾನರನ್ನು ಎಲ್ಲರೂ ಕರೆಯುವುದು ಹಾಗೆ. “ಛೆ, ಛೆ. ಅವರು ಅಂಥೋರಲ್ಲ ಅತ್ತೆ. ನನ್ನ ಹತ್ರಾನೇ ಹಲ್ಲು ಕಟ್ಟಿಸ್ಕೊಂಡಿದಾರೆ.”

“ಅವನ ಹಲ್ಲು ಒಳ್ಳೇದಿರಬಹುದು. ನಾಲಿಗೆ ಏನು ಹೇಳುತ್ತೆ ನೋಡೋಣ.”

“ಮೊದಲು ಅರ್ಜಿ,” ಎಂದ ಮೇಸ್ತ್ರಿ.

ಅವನು ಆಗಲೇ ತೋಳು ಮಡಿಸಿದ್ದ. ಜೇಬಿನ ಸ್ಪ್ಯಾನರ್ ಕೈಗೆ ಬಂದಿತ್ತು. ಪಿಸ್ಟನ್ ಓಡಾಡುವ ಬೋರಿನೊಳಗೆ ಬೆರಳಾಡಿಸಿದ, ಅಳತೆಯ ಗೇಜು ಇಳಿಬಿಟ್ಟ, ಹುಬ್ಬು ಗಂಟಿಕ್ಕಿ ಬಿಡಿಸಿದ. ಪುಟ್ಟಿ ರೋಗಿಯ ಬಾಯಿ ನೋಡುವ ಹಾಗೆ ಪಕ್ಕದಲ್ಲೇ ಬಗ್ಗಿ ನಿಂತಿದ್ದಳು.

“ಏನನ್ಸುತ್ತೆ? ದೊಡ್ಡ ಎಂಜಿನ್ನೇ ಹಾಕಿಸೋದಾ, ಬೇರೆ ಗ್ಯಾರೇಜಲ್ಲಿ?” ಎಂದಳು, ನಗು ತಡೆದುಕೊಂಡು.

“ಯಾವ ಮುಠ್ಠಾಳ ಹಾಗಂದಿದ್ದು?” ಎಂದ ಮೇಸ್ತ್ರಿ. “ಡಾಕ್ಟರಮ್ಮ, ಟ್ರ್ಯಾಕಲ್ಲಿ ಗೆಲ್ಲಿಸೋದು ತಿರುವು. ಮೂತಿ ಭಾರವಾದ್ರೆ ತಿರುವು ಹೋಯ್ತು. ಜೊತೆಗೆ ಹೊಸ ಎಂಜಿನ್ನಿನ ಗುಣ ಯಾರಿಗೂ ಗೊತ್ತಿಲ್ಲ. ಎಲ್ಲಿ ಬಿಸಿಯಾಗುತ್ತೆ, ಎಲ್ಲಿ ಉಸಿರು ಕಟ್ಟುತ್ತೆ, ಅದನ್ನ ತಿಳ್ಕೊಳ್ಳೋಕೇ ಒಂದು ವರ್ಷ ಬೇಕು. ಈ ಜಾತಿ ಎಂಜಿನ್ ನನಗೆ ಕಣ್ಣು ಕಟ್ಟಿದ್ರೂ ಗೊತ್ತು.” ಬ್ಲಾಕಿನ ಬೆನ್ನು ತಟ್ಟಿದ. “ಯಾರ ಮನೆ ಕೂಸೋ, ನಮ್ಮ ಬಾಗಿಲಿಗೆ ಬಂದಿದೆ. ಬೋರು ಕೆಟ್ಟಿಲ್ಲ, ಒಳಗೋಡೆ ತಿಕ್ಕಿ ನಯಮಾಡೋ ಒಂದು ಕೈ ಹೋನಿಂಗ್ ಸಾಕು. ಕ್ರ್ಯಾಂಕ್ ಮಾತ್ರ ಹೋಯ್ತು. ಉಜ್ಜಿಸಿ ಹಾಕೋದು ರಸ್ತೆಗೆ ಸರಿ, ರೇಸಿಗೆ ನಾನು ಒಪ್ಪಲ್ಲ. ಬೇರೆ ಕ್ರ್ಯಾಂಕ್, ಗಟ್ಟಿ ರಾಡು, ಹೊಸ ಬೇರಿಂಗ್. ಚೇಂಬರಿನೊಳಗೆ ಅಡ್ಡ ತಗಡು ಕೂರಿಸ್ತೀನಿ, ಉದ್ದ ತಿರುವಲ್ಲಿ ಎಣ್ಣೆ ಒಂದು ಮೂಲೆಗೆ ಓಡದ ಹಾಗೆ. ಇಪ್ಪತ್ತು ದಿನ ಕೊಡಿ. ಆಮೇಲೆ ಎರಡು ದಿನ ಮೆತ್ತಗೆ ಓಡಿಸಿ ಪಳಗಿಸೋಣ.”

“ನಮ್ಮ ಹಳೇದು ಸಿಕ್ಕಿಬಿಟ್ರೆ?”

“ಸಿಕ್ಕಿದ್ರೆ ಎರಡು ಇರ್ತವೆ. ಒಂದು ಕಾರಿಗೆ, ಒಂದು ನನ್ನ ಖುಷಿಗೆ.”

“ನಂಬರು ಬೇರೆ ಅಂತ ರೇಸಿನವರು ತಕರಾರು ತೆಗೆದ್ರೆ?” ಎಂದು ನಾನು ಕೇಳಿದೆ.

ಉತ್ತರ ಕೊಟ್ಟವಳು ನನ್ನ ಹೆಂಡತಿ. “ಅವರು ನೋಡೋದು ಜಾತಿ, ಗಾತ್ರ. ಕಾರಿನ ಜೊತೆ ಬಂದ ಮಾದರಿಯೇ ಆಗಿದ್ರೆ ಸಾಕು. ನಂಬರಿನ ವಿಷಯಕ್ಕೆ ಇವತ್ತೇ ಠಾಣೆಗೆ ದೂರು ಕೊಟ್ಟು ಅದರ ಪ್ರತಿ ಇಟ್ಕೊಳ್ಳೋಣ.”

ಪುಟ್ಟಿ ಅಲ್ಲೇ, ಎಣ್ಣೆಯ ಡಬ್ಬದ ಮೇಲೆ ಫೋನು ಒರಗಿಸಿ, ಅರ್ಜಿ ತುಂಬಿದಳು. ವರ್ಗದ ಪ್ರಶ್ನೆ ಬಂದಾಗ ಮೇಸ್ತ್ರಿಯ ಕಪ್ಪು ಬೆರಳನ್ನೇ ಹಿಡಿದು ಒತ್ತಿಸಿದಳು. ಸಣ್ಣ ಕಾರು. ಮೂಲ ಎಂಜಿನ್. ಬಿಚ್ಚಿ ಕಟ್ಟಿದ್ದು.

ಗಂಟೆ ಹನ್ನೆರಡೂವರೆ. ಐದು ಗಂಟೆಯ ಭಯ ಅಲ್ಲಿಗೆ ಮುಗಿಯಿತು.

* * *

ಬಣ್ಣದಂಗಡಿ ಎರಡು ಬೀದಿಯಾಚೆ. ಉದ್ದನೆಯ ಶೆಡ್ಡು, ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಒಳಗೆ ಬಣ್ಣದಣ್ಣ ಒಂದು ಕಾರಿನ ಬಾಗಿಲಿನ ಮುಂದೆ ಮಂಡಿಯೂರಿ, ಉಸಿರು ಬಿಗಿಹಿಡಿದು, ಕೂದಲೆಳೆಯಂಥ ಬೆಳ್ಳಿ ಗೆರೆ ಎಳೆಯುತ್ತಿದ್ದರು. ಆಳು ದೊಡ್ಡದು, ಕೈ ಬಹಳ ಹಗುರ.

ಗೆರೆ ಮುಗಿಯುವವರೆಗೆ ನಾವು ನಾಲ್ವರೂ ಉಸಿರು ಹಿಡಿದೇ ನಿಂತಿದ್ದೆವು.

“ಬನ್ನಿ ಬನ್ನಿ!” ಎಂದು ಎದ್ದವರು ನನ್ನ ಹೆಂಡತಿಯ ಮುಖ ನೋಡಿ, ಆಮೇಲೆ ಪುಟ್ಟಿಯ ಮುಖ ನೋಡಿ, ಒಂದು ಕ್ಷಣ ತಡವರಿಸಿದರು.

ಆ ತಡವರಿಕೆಯನ್ನು ನನ್ನ ಹೆಂಡತಿ ಕಂಡಳು. ನಾನೂ ಕಂಡೆ.

“ಒಂದೆರಡು ಪ್ರಶ್ನೆ ಇದೆ,” ಎಂದಳು.

“ಕೇಳಿ ಅಮ್ಮಾ.”

“ಮೂರು ತಿಂಗಳ ಹಿಂದೆ ನಮ್ಮ ಕಾರು ಇಲ್ಲಿ ಹತ್ತು ದಿನ ಇತ್ತು. ಬಣ್ಣಕ್ಕೆ ಎಷ್ಟು ದಿನ ಹಿಡೀತು?”

“ಏಳು.”

“ಮಿಕ್ಕ ಮೂರು ದಿನ?”

ಬಣ್ಣದಣ್ಣ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿದರು. “ಹಿಂದಿನ ಕೋಣೇಲಿ ನಿಂತಿತ್ತು.”

“ಸುಮ್ಮನೆ?”

“ಸುಮ್ಮನೆ ಅಂದ್ರೆ... ಸುಮ್ಮನೆ.” ಅವರ ಬಲಗಣ್ಣು ಒಮ್ಮೆ ಮುಚ್ಚಿ ತೆರೆಯಿತು.

ನಾನು ಬೆಚ್ಚಿದೆ. ಈ ಮನುಷ್ಯ ನನ್ನ ಹೆಂಡತಿಗೆ ನನ್ನೆದುರೇ ಕಣ್ಣು ಹೊಡೆಯುತ್ತಿದ್ದಾನೆ!

“ಕಣ್ಣಿಗೆ ಏನಾದ್ರೂ ಬಿತ್ತಾ?” ಎಂದಳು ಅವಳು, ಮಂಜುಗಡ್ಡೆಯಂಥ ದನಿಯಲ್ಲಿ.

“ಇಲ್ಲ ಅಮ್ಮಾ.” ಮತ್ತೊಮ್ಮೆ ಕಣ್ಣು. ಜೊತೆಗೆ ಪುಟ್ಟಿಯ ಕಡೆಗೆ ತುಸುವೇ ಗಲ್ಲ ಅಲುಗಿಸಿದರು. “ಆಮೇಲೆ ಮಾತಾಡೋಣ. ಇವರು ಇಲ್ಲದಾಗ.”

ಮೇಸ್ತ್ರಿಗೆ ತಡೆಯಲಾಗಲಿಲ್ಲ. ಹದಿಮೂರನೇ ನಂಬರಿನ ಸ್ಪ್ಯಾನರನ್ನು ಮುಂದೆ ಚಾಚಿಕೊಂಡೇ ನುಗ್ಗಿದ. “ನನ್ನ ಎಂಜಿನ್ ಎಲ್ಲಯ್ಯಾ? ನಲವತ್ತೇಳು ದಿನ ಕಟ್ಟಿದ್ದು! ಯಾರಿಗೆ ಕೊಟ್ಟೆ?”

“ಅಯ್ಯೋ, ಮೆಲ್ಲಗೆ!” ಎಂದು ಬಣ್ಣದಣ್ಣ ಎರಡೂ ಕೈಯೆತ್ತಿದರು. “ಡಾಕ್ಟರಮ್ಮನಿಗೆ ಗೊತ್ತಾಗಿಬಿಡ್ತಾ? ಎಲ್ಲ ಹಾಳು ಮಾಡಿದ್ರಲ್ಲ!”

“ಏನು ಗೊತ್ತಾಗಬಾರದಿತ್ತು?” ಎಂದಳು ಪುಟ್ಟಿ.

ಬಣ್ಣದಣ್ಣ ನನ್ನ ಹೆಂಡತಿಯ ಕಡೆ ನೋಡಿದರು. ಅವಳು ಕಲ್ಲಿನ ಹಾಗೆ ನಿಂತಿದ್ದಳು. ಕೊನೆಗೆ ಅವರೇ ಸೋತು, ಮುಖ ಅರಳಿಸಿ ನಕ್ಕರು. ಪುಟ್ಟಿ ಕಟ್ಟಿದ ಹಲ್ಲುಗಳೆಲ್ಲ ಹೊಳೆದವು.

“ಇನ್ನೇನು ಮುಚ್ಚಿಡೋದು! ಅಮ್ಮಾ, ನೀವೇ ಅಲ್ವಾ ಕಾಗದ ಬರೆದು ಕಳಿಸಿದ್ದು? ಸೊಸೆಗೆ ಗುಟ್ಟಾಗಿ ಉಡುಗೊರೆ ಕೊಡ್ಬೇಕು, ಎಂಜಿನ್ ಕಳಚಿ ಇನ್ನೂ ಗಟ್ಟಿ ಮಾಡಿಸೋಕೆ ಕಳಿಸ್ತಿದೀನಿ, ಅಲ್ಲೀವರೆಗೆ ಓಡಾಡೋಕೆ ಬೇರೆ ಎಂಜಿನ್ ಕೂರಿಸಿರಲಿ, ಯಾರಿಗೂ ಹೇಳ್ಬೇಡಿ, ನನ್ನ ಹತ್ರಾನೂ ಅದರ ಮಾತೆತ್ತಬೇಡಿ ಅಂತ. ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ಎಂಥ ಅತ್ತೆ ಅಂತ ಮನೇಲೂ ಹೇಳ್ದೆ! ಇಬ್ಬರು ಕೆಲಸಗಾರರು ಬಂದ್ರು, ಹಿಂದಿನ ಕೋಣೇಲಿ ಮೂರು ದಿನ ಕೆಲಸ ಮಾಡಿದ್ರು. ನಾನೇ ಕೈ ಹಾಕಿ ಎತ್ತಿಸಿದೆ. ಬಂತಾ ಎಂಜಿನ್ನು? ಹೇಗಿದೆ?”

ಮೇಸ್ತ್ರಿಯ ಸ್ಪ್ಯಾನರ್ ಮೆಲ್ಲಗೆ ಕೆಳಗಿಳಿಯಿತು. ಪುಟ್ಟಿ ನನ್ನ ಹೆಂಡತಿಯನ್ನೇ ನೋಡುತ್ತಿದ್ದಳು.

“ಅತ್ತೆ?”

“ಆ ಕಾಗದ ಇದೆಯಾ?” ಎಂದಳು ನನ್ನ ಹೆಂಡತಿ.

“ಇಲ್ದೆ ಏನು! ಬೇರೆಯವರ ಕಾರಿನ ವಿಷಯ, ಎಸೆಯೋಕಾಗುತ್ತಾ?” ಬ್ರಶ್ಶುಗಳ ಕಪಾಟಿನಿಂದ ಒಂದು ತಗಡಿನ ಡಬ್ಬಿ ಬಂತು. ಅದರೊಳಗಿಂದ ನಾಲ್ಕು ಮಡಿಕೆಯ ಹಾಳೆ.

ಮೇಲೆ ತಾರೀಕು, ಕೆಳಗೆ ಅಚ್ಚಿನಲ್ಲಿ ಎಂಟು ಸಾಲು. ಅದರ ಕೆಳಗೆ ಕಡುನೀಲಿ ಶಾಯಿಯಲ್ಲಿ ಒಂದು ಸಹಿ.

ಇವಳು ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದಳು. ಬೆಳಕಿಗೆ ಹಿಡಿದಳು. ತಿರುಗಿಸಿ ಹಿಂಬದಿಗೆ ಹೆಬ್ಬೆರಳು ಆಡಿಸಿದಳು, ಪೆನ್ನು ಒತ್ತಿದ ಗುರುತು ಇದೆಯೋ ಎಂದು. ಬ್ಯಾಗಿನಿಂದ ಭೂತಗನ್ನಡಿ ತೆಗೆದಳು. ಎಷ್ಟೋ ಜನರ ಕಳ್ಳ ಸಹಿಯನ್ನು ಇದೇ ರೀತಿ ನೋಡಿ, ಒಂದು ಸಣ್ಣ ನಗೆ ನಕ್ಕು, ಹಾಳೆಯನ್ನು ಮೇಜಿನ ಮೇಲೆ ತಳ್ಳಿದ್ದನ್ನು ನಾನು ಕಂಡಿದ್ದೇನೆ. ಆ ನಗುವಿಗಾಗಿ ಕಾದೆ.

ನಗು ಬರಲಿಲ್ಲ.

“ನಕಲಿ ತಾನೇ?” ಎಂದೆ.

“ಅಲ್ಲ,” ಎಂದಳು. “ನನ್ನದೇ ಸಹಿ. ನನ್ನ ಕೈಯಿಂದಲೇ ಬಿದ್ದದ್ದು.”

ಪುಟ್ಟಿ ಒಂದು ಹೆಜ್ಜೆ ಹಿಂದೆ ಸರಿದಳು. ಅದು ಅವಳಿಗೇ ಗೊತ್ತಾಗಲಿಲ್ಲವೇನೋ. ಆದರೆ ನನ್ನ ಹೆಂಡತಿಗೆ ಗೊತ್ತಾಯಿತು. ಅವಳು ಹೋಗಿ ಪುಟ್ಟಿಯ ಕೈ ಹಿಡಿದು ಕಿಟಕಿಯ ಹತ್ತಿರಕ್ಕೆ ಕರೆತಂದಳು.

“ನೋಡು ಇಲ್ಲಿ. ಕೊನೇ ಸುಳಿ ಹೇಗೆ ಪೂರ್ತಿ ಸುತ್ತಿಕೊಂಡಿದೆ. ಎರಡು ವರ್ಷದ ಹಿಂದೆ ಬಿದ್ದು ಮಣಿಕಟ್ಟು ಮುರ್ಕೊಂಡ್ನಲ್ಲ, ಅವತ್ತಿನಿಂದ ಈ ಸುಳಿ ನನ್ನ ಕೈಲಿ ಬರ್ತಾನೇ ಇಲ್ಲ. ಕೊಕ್ಕೆ ಥರ ಅರ್ಧಕ್ಕೆ ನಿಂತುಬಿಡುತ್ತೆ. ಅಂಚೆ ಕಚೇರಿಯವರು ಹೊಸದಾಗಿ ಮಾದರಿ ಸಹಿ ತಗೊಂಡ್ರು, ಮರ್ತೆಯಾ? ನೀನೇ ಕರ್ಕೊಂಡು ಹೋಗಿದ್ದೆ.”

ಪುಟ್ಟಿ ಕಾಗದ ನೋಡಿದಳು, ಅತ್ತೆಯ ಮುಖ ನೋಡಿದಳು. ಅತ್ತೆಯ ಭುಜಕ್ಕೆ ತಲೆ ಆನಿಸಿ, “ಒಂದು ಕ್ಷಣ ನನ್ನ ಪ್ರಾಣವೇ ಹೋಗಿತ್ತು ಅತ್ತೆ,” ಎಂದು ನಕ್ಕಳು. ನಾನೂ ನಕ್ಕೆ. ಮೇಸ್ತ್ರಿಯೂ ನಕ್ಕ.

ನಗದೆ ಉಳಿದವಳು ಇವಳೊಬ್ಬಳೇ.

“ಕಾಗದಕ್ಕೆ ಮೂರು ತಿಂಗಳು. ಸಹಿಗೆ ಎರಡು ವರ್ಷಕ್ಕೂ ಜಾಸ್ತಿ. ಮೊದಲು ಸಹಿ ಬಿದ್ದಿದೆ, ಅಕ್ಷರ ಆಮೇಲೆ ಬಂದಿದೆ.” ಅವಳು ಬಣ್ಣದಣ್ಣನ ಕಡೆ ತಿರುಗಿದಳು. “ಇದನ್ನ ತಂದುಕೊಟ್ಟ ಮನುಷ್ಯ ಹೇಗೆ ಕೊಟ್ಟ? ಲಕೋಟೆಯೊಳಗಿಟ್ಟಾ?”

“ಇಲ್ಲ ಅಮ್ಮಾ. ಕೈಯಲ್ಲಿ ಒಂದು ದಪ್ಪ ಫೈಲ್ ಇತ್ತು. ಅದರೊಳಗಿಂದ ಮೇಲಿನ ಹಾಳೆ ಎಳೆದುಕೊಟ್ಟ.”

“ಅದರ ಕೆಳಗಿನ ಹಾಳೆ ನಿಮ್ಮ ಕಣ್ಣಿಗೆ ಬಿತ್ತಾ?”

ಬಣ್ಣದಣ್ಣ ನೆನಪಿಸಿಕೊಂಡರು. ಬಣ್ಣದ ವಿಷಯದಲ್ಲಿ ಅವರ ಕಣ್ಣು ತಪ್ಪುವುದಿಲ್ಲ.

“ಬಿತ್ತು. ಅದೂ ಹೀಗೇ ಇತ್ತು, ಇದೇ ಕಡುನೀಲಿ ಶಾಯಿ. ಬರವಣಿಗೆ ಏನೂ ಇರಲಿಲ್ಲ. ಬರೀ ಖಾಲಿ ಹಾಳೆ, ಕೆಳಗೆ ನಿಮ್ಮ ಸಹಿ. ಗಾಳಿಗೆ ಹಾರಿದಾಗ ನೋಡ್ದೆ, ಫೈಲ್ ಪೂರ್ತಿ ಅಂಥವೇ ಇದ್ವು ಅಮ್ಮಾ.”